ಕಣದ ಋಣ ಮತ್ತು ಮನೆತನದ ಹೆಸರು

ಬೆಳ್ವೊಲ ಮುನ್ನೂರೆಂದು ಪ್ರಾಚೀನರು ಕರೆದ ನಾಡಿನ ಶಿಲಾಶಾಸನಗಳಲ್ಲಿ, ಆಳುವ ಅರಸನ ಬಿರುದಾವಳಿಯು ಎಷ್ಟೇ ದೀರ್ಘವಾಗಿರಲಿ, ಅದು ಮುಗಿದೊಡನೆ ಎರಡು ಸಂಗತಿಗಳು ಸಾಮಾನ್ಯವಾಗಿ ಕಾಣಬರುತ್ತವೆ: ಒಂದು, ದಾನವು ನಡೆದ ದಿನ; ಇನ್ನೊಂದು, ಆ ದಾನವನ್ನು ಕೊಟ್ಟವರ, ಪಡೆದವರ, ಕಾಪಾಡಬೇಕಾದವರ ಹೆಸರುಗಳು. ದಿನವು ಬಹುಧಾ ಉತ್ತರಾಯಣ ಸಂಕ್ರಮಣವೋ ಗ್ರಹಣವೋ ವ್ಯತೀಪಾತವೋ ಆಗಿರುವುದು. ಹೆಸರುಗಳು ಗಾವುಂಡರವೂ ಸೇನಬೋವರವೂ ಊರಿನ ಅರುವತ್ತೊಕ್ಕಲುಗಳವೂ ಆಗಿರುವುವು. ಇಷ್ಟು ಮತ್ತರು ಕೆಯ್ಯನ್ನು ಇಂಥ ದೇವರ ಅಂಗಭೋಗಕ್ಕೆ ಬಿಟ್ಟೆವೆಂದು ಹೇಳುವಾಗ ಆ ಭೂಮಿಯನ್ನು ಅಳೆದ ಕೋಲನ್ನು ಹೇಗೆ ಮರೆಯುತ್ತಿರಲಿಲ್ಲವೋ ಹಾಗೆಯೇ ಆ ದಿನವನ್ನೂ ಆ ಹೆಸರನ್ನೂ ಮರೆಯುತ್ತಿರಲಿಲ್ಲ. ಏಕೆಂದರೆ ದಿನ ಮತ್ತು ಹೆಸರುಗಳೆರಡೂ ಒಂದು ಋಣದ ಸಾಕ್ಷಿಗಳು. ಇಂದಿನ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿ ಸುಗ್ಗಿಯ ಹಬ್ಬಗಳನ್ನೂ ಮನುಷ್ಯರ ಹೆಸರುಗಳನ್ನೂ ಜೊತೆಯಾಗಿಟ್ಟು ನೋಡಿದರೆ ಈ ಹಳೆಯ ಸಂಬಂಧವು ಶಿಲೆಯ ಮೇಲಿನಿಂದ ಇಳಿದು ಜನರ ನಡೆನುಡಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದುದು ತಿಳಿಯುತ್ತದೆ. ಇಲ್ಲಿ ಹೆಸರೆಂಬುದು ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವ ಗುರುತಾಗಿರುವುದಕ್ಕಿಂತ ಹೆಚ್ಚಾಗಿ, ಯಾರು ಯಾರಿಗೆ ಏನನ್ನು ಕೊಡಬೇಕು, ಯಾರಿಂದ ಏನನ್ನು ಪಡೆಯಬೇಕು ಎಂಬುದರ ಬಾಯಿಲೆಕ್ಕವಾಗಿದ್ದಿತು. ಹಬ್ಬವು ಆ ಲೆಕ್ಕವನ್ನು ಸಂಬಂಧಿಕರೆಲ್ಲರ ಸಮಕ್ಷಮದಲ್ಲಿ ವರ್ಷಕ್ಕೊಮ್ಮೆ ನವೀಕರಿಸುವ ದಿನವಾಗಿದ್ದಿತು.

ಅಣ್ಣಿಗೇರಿಯು ಆ ಬೆಳ್ವೊಲದ ರಾಜಧಾನಿ. ಕಲ್ಯಾಣದ ಚಾಳುಕ್ಯರ ಕಾಲದ ಅಮೃತೇಶ್ವರ ದೇವಾಲಯವು ಇಂದಿಗೂ ಅಲ್ಲಿ ನಿಂತಿದೆ. ಆ ವಂಶದ ಕೊನೆಯ ಅರಸನಾದ ನಾಲ್ವಡಿ ಸೋಮೇಶ್ವರನು ತನ್ನ ಅಳಿದುಳಿದ ರಾಜ್ಯವನ್ನು ಅಲ್ಲಿಂದಲೇ ಆಳಿದನು. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಅರಸರಿಗಿಂತ ಮುಖ್ಯಳಾದವಳು ಆ ಊರಿನ ಒಬ್ಬ ಗೃಹಿಣಿ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬ ಸಂಗತಿಯನ್ನು ನಮಗೆ ತಿಳಿಸಿದುದು ಕರೀಂನಗರದ ಸೀಮೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮನಾದ ಜಿನವಲ್ಲಭನು ಬಂಡೆಯ ಮೇಲೆ ಬರೆಯಿಸಿದ ಶಾಸನ. ಆ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳು ಒಟ್ಟಿಗೆ ಬಂದಿವೆ. ತಂದೆಯ ಕಡೆಯಿಂದ ವೆಂಗಿನಾಡಿನವನಾಗಿ, ತಾಯಿಯ ಕಡೆಯಿಂದ ಬೆಳ್ವೊಲದವನಾಗಿ, ಮೂರು ನುಡಿಗಳಲ್ಲಿ ತನ್ನ ಮನೆತನವನ್ನು ಹೇಳಿಕೊಂಡವನು ತಾಯಿಯ ತವರಿನ ಅಜ್ಜನ ಹೆಸರನ್ನೂ ಊರನ್ನೂ ಬಿಡದೆ ಕೆತ್ತಿಸಿದನಲ್ಲವೇ! ಊರ ಹೆಸರು, ವೃತ್ತಿಯ ಹೆಸರು, ಸ್ವಂತ ಹೆಸರು ಎಂಬ ಮೂರು ಅಂಗಗಳು ಅಣ್ಣಿಗೇರಿಯ ಜೋಯಿಸ ಸಿಂಘನೆಂಬ ಆ ಒಂದು ಉಲ್ಲೇಖದಲ್ಲಿಯೇ ಇವೆ. ಸಾವಿರ ವರ್ಷಗಳ ತರುವಾಯ ಈ ಸೀಮೆಯ ಶಾಲೆಯ ಹಾಜರಿಪಟ್ಟಿಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಇವೇ ಮೂರು ಅಂಗಗಳು.

ಮನುಷ್ಯರಿಗಿಂತ ಮೊದಲು ಇಲ್ಲಿಯ ಒಕ್ಕಲಿಗನು ಹೆಸರಿಟ್ಟದ್ದು ಕಾಲಕ್ಕೆ. ಪೂರ್ವದ ಯರೆಯ ಭೂಮಿಯು ಹಿಂಗಾರಿನ ಬಿಳಿಜೋಳಕ್ಕೂ ಗೋದಿಗೂ ಕಡಲೆಗೂ ಕುಸುಬೆಗೂ ಹತ್ತಿಗೂ ಪ್ರಸಿದ್ಧವಾದುದು. ಕುಂದಗೋಳದ ಹೊಲಗಳು ಹತ್ತಿಯ ಜೊತೆಗೆ ಮೆಣಸಿನಕಾಯಿಗೂ ಹೆಸರಾದುವು. ಕಲಘಟಗಿಯಾದರೋ ಮಲೆನಾಡಿನ ಸೆರಗು, ಅಲ್ಲಿ ಭತ್ತವೇ ಪ್ರಧಾನ. ಮಳೆಯೊಂದನ್ನೇ ನೆಚ್ಚಿದ ಈ ಬೇಸಾಯದಲ್ಲಿ ಮಳೆಗೆ ರೋಹಿಣಿ, ಮೃಗಶಿರ, ಆರಿದ್ರಾ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ನಕ್ಷತ್ರದ ಹೆಸರುಗಳು ಬಂದುವು. ಸುಮಾರು ಹದಿಮೂರು ಹದಿನಾಲ್ಕು ದಿನಗಳಿಗೊಮ್ಮೆ ಹೆಸರು ಬದಲಾಗುವ ಈ ಮಳೆಗಳಲ್ಲಿ ಉತ್ತರಿ, ಹಸ್ತಗಳು ಕೈಕೊಟ್ಟರೆ ಹಿಂಗಾರಿನ ಜೋಳದ ಆಸೆಯನ್ನು ಬಿಡಬೇಕಾಗುತ್ತಿತ್ತು. ಚೈತ್ರದಿಂದ ಮೊದಲ್ಗೊಂಡು ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ ಎಂದು ಹನ್ನೆರಡು ಪೂರ್ಣಿಮೆಗಳಿಗೂ ಇಲ್ಲಿ ಬೇರೆ ಬೇರೆ ಹೆಸರುಗಳುಂಟು. ಅಕ್ಷರವನ್ನರಿಯದ ಮುದುಕಿಯು ಸಹ ಕೂಸು ಹುಟ್ಟಿದುದನ್ನು ಶೀಗಿ ಹುಣ್ಣಿಮೆಯ ಹಿಂದಣ ಸೋಮವಾರ ಎಂದು ಹೇಳಬಲ್ಲಳಾಗಿದ್ದಳು. ಪಂಚಾಂಗವು ಪುರೋಹಿತನ ಮನೆಯಲ್ಲಿದ್ದರೂ ಕಾಲಗಣನೆಯು ಎಲ್ಲರ ಬಾಯಲ್ಲಿ ಇದ್ದಿತು.

ಈ ಹಬ್ಬಗಳ ಸರಣಿಯು ಬೆಳೆಯ ಸ್ಥಿತಿಗತಿಯನ್ನು ಹೆಜ್ಜೆಹೆಜ್ಜೆಗೂ ಅನುಸರಿಸುತ್ತದೆ. ಜ್ಯೇಷ್ಠದ ಕಾರ ಹುಣ್ಣಿಮೆಯಲ್ಲಿ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಾಯಂಕಾಲ ಊರ ಅಗಸಿಯ ಮುಂದೆ ಕಟ್ಟಿದ ಕರಿಯನ್ನು ಹರಿಯಲು ಓಡಿಸುವರು. ಬಿಳಿಯ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳವೂ ಕಂದು ಬಣ್ಣದ ಎತ್ತು ಮುಂದಾದರೆ ಮುಂಗಾರಿ ಪೈರೂ ಚೆನ್ನಾಗಿ ಬರುವುದೆಂದು ನಂಬಿಕೆ. ಮುಂದೆ ಮಣ್ಣೆತ್ತಿನ ಅಮಾವಾಸ್ಯೆ. ನಿಜವಾದ ಎತ್ತಿಲ್ಲದ ಬಡವನ ಮನೆಗೂ ಅಂದು ಮಣ್ಣಿನ ಜೋಡೆತ್ತುಗಳು ಬಂದು ಪೂಜೆಗೊಳ್ಳುವುವು. ಭಾದ್ರಪದದ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯೊಳಗಾಗಿ ಆಯುಷ್ಯವನ್ನು ಮುಗಿಸುವ ಜೋಕುಮಾರನನ್ನು ಅಂಬಿಗರ ಹೆಂಗಸರು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವರು. ಮನೆಯವರು ಅವನ ಬಾಯಿಗೆ ಬೆಣ್ಣೆಯನ್ನೊರಸಿ, ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿಗಳನ್ನಿತ್ತು, ಅವರು ಪ್ರಸಾದವಾಗಿ ಕೊಟ್ಟುದನ್ನು ಒಯ್ದು ಹೊಲದಲ್ಲಿ ಚೆಲ್ಲುವರು. ಗಣಪತಿಯು ಭೂಲೋಕದ ಸುಭಿಕ್ಷವನ್ನು ಮಾತ್ರ ಕಂಡು ಹೋದನೆಂದೂ, ಮಳೆಯಿಲ್ಲದೆ ಬಳಲುವವರ ಸುದ್ದಿಯನ್ನು ಶಿವನಿಗೆ ಮುಟ್ಟಿಸಿದವನು ಈ ಅಲ್ಪಾಯುಷಿಯೆಂದೂ ಜನರು ಹೇಳುವ ಕಥೆಯಲ್ಲಿ ಬೆಳವಲದ, ಅಂದರೆ ಹಳೆಯ ಬೆಳ್ವೊಲದ, ಬರಗಾಲಗಳ ಸ್ಮರಣೆಯೆಲ್ಲ ಅಡಗಿದೆ.

ಆಶ್ವಿನದ ಶೀಗಿ ಹುಣ್ಣಿಮೆಗೆ ಬೆಳೆಯು ಹೊಡೆ ತುಂಬುವ ಹಂತಕ್ಕೆ ಬರತೊಡಗುತ್ತದೆ. ಆಗ ಭೂಮಿತಾಯಿಯು ಬಸುರಿ. ಅವಳ ಬಯಕೆಯನ್ನು ತೀರಿಸುವುದು ಮಕ್ಕಳ ಕರ್ತವ್ಯ. ಬಂಡಿ ಹೂಡಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಸಾಲಾಗಿ ನಿಲ್ಲಿಸಿ, ಸುಣ್ಣ ಬಳಿದು ಪೂಜಿಸಿ, ತಂದ ಅಡಿಗೆಯನ್ನು ಹೊಲದ ನಾಲ್ಕು ದಿಕ್ಕಿಗೂ ಚರಗವಾಗಿ ಚೆಲ್ಲಿ, ಆಮೇಲೆ ನೆರೆಹೊಲದವರನ್ನೂ ಕರೆದು ಒಟ್ಟಿಗೆ ಉಣ್ಣುವರು. ಮಾರ್ಗಶಿರದ ಕೊನೆಗೆ ಬರುವ ಎಳ್ಳಮಾವಾಸ್ಯೆಯಲ್ಲಿ ಇದೇ ಚರಗವು ಹಿಂಗಾರಿಯ ಹೊಲಗಳಲ್ಲಿ ಇನ್ನಷ್ಟು ವೈಭವದಿಂದ ನಡೆಯುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಲೆ, ಅಗಸಿ ಹಿಂಡಿ, ಮೊಸರ ಬುತ್ತಿ ಮೊದಲಾದ ಆ ದಿನದ ಭಕ್ಷ್ಯಗಳು ಆ ಮಣ್ಣಿನಲ್ಲಿಯೇ ಬೆಳೆದ ಕಾಳು, ಎಣ್ಣೆಕಾಳು, ಕಾಯಿಪಲ್ಲೆಗಳ ಪಟ್ಟಿಯೇ ಸರಿ. ನೆಲವನ್ನು ಸ್ತ್ರೀಯೆಂದು ಭಾವಿಸುವ ಈ ಕಲ್ಪನೆಯು ನಮ್ಮಲ್ಲಿ ಮಾತ್ರ ಇರುವುದಲ್ಲ. ಒಡಿಶಾದಲ್ಲಿ ಮಿಥುನ ಸಂಕ್ರಮಣದ ಕಾಲಕ್ಕೆ ಬರುವ ರಜಪರ್ವದಲ್ಲಿ ಭೂದೇವಿಯು ಋತುಮತಿಯೆಂದು ಮೂರು ದಿನ ನೇಗಿಲನ್ನು ಮುಟ್ಟದೆ ಅವಳಿಗೆ ವಿಶ್ರಾಂತಿಯನ್ನೀಯುವರು. ಅಸ್ಸಾಮಿನ ಕಾತಿ ಬಿಹುವಿನಲ್ಲಿ ಕಣಜವು ಬರಿದಾಗಿ ಗದ್ದೆಯು ತುಂಬುತ್ತಿರುವ ಸಮಯಕ್ಕೆ ಸರಿಯಾಗಿ ಪೈರಿನ ನಡುವೆ ದೀಪಗಳನ್ನಿಡುವರು. ದೂರದ ಕೊರಿಯಾದ ಜನರು ಎಂಟನೆಯ ಚಾಂದ್ರಮಾಸದ ಪೂರ್ಣಿಮೆಯಂದು ಹೊಸ ಅಕ್ಕಿಯನ್ನು ಮೊದಲು ಪಿತೃಗಳಿಗೆ ಅರ್ಪಿಸುವರು. ಬೆಳೆಯು ಮನುಷ್ಯನೊಬ್ಬನ ಗಳಿಕೆಯಲ್ಲ, ಅದರಲ್ಲಿ ಹಲವರ ಪಾಲುಂಟು ಎಂಬ ಅರಿವು ಈ ಎಲ್ಲ ಆಚರಣೆಗಳಿಗೂ ಸಮಾನವಾದುದು. ಬೆಳವಲದಲ್ಲಿ ಆ ಪಾಲುಗಾರರಿಗೆ ಹೆಸರುಗಳಿದ್ದುವು ಎಂಬುದೇ ವಿಶೇಷ.

ಸಂಕ್ರಮಣವು ಕಳೆದು, ಸೀತನಿಯ ಸವಿಯೂ ಮುಗಿದು, ಶಿವರಾತ್ರಿಯ ಆಚೀಚೆಗೆ ಬಿಳಿಜೋಳದ ಕೊಯ್ಲು ಆದ ಮೇಲೆ ಕಣದ ಕಾರ್ಯವು ಮೊದಲಾಗುತ್ತಿತ್ತು. ಹೊಲದ ಒಂದು ಭಾಗವನ್ನು ಕೆತ್ತಿ, ನೀರು ಹೊಯ್ದು, ಬಡಿದು ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯ ಕಂಬವನ್ನು ನೆಟ್ಟು, ಅದಕ್ಕೆ ಕಟ್ಟಿದ ಎತ್ತುಗಳಿಂದ ತೆನೆಗಳನ್ನು ತುಳಿಸುವ ಹಂತಿಯು ರಾತ್ರಿಯೆಲ್ಲ ನಡೆಯುತ್ತಿತ್ತು; ನಿದ್ದೆಯನ್ನು ಗೆಲ್ಲುವುದಕ್ಕೂ ಎತ್ತುಗಳನ್ನು ಹುರಿದುಂಬಿಸುವುದಕ್ಕೂ ಹಾಡುತ್ತಿದ್ದ ಹಂತಿಯ ಪದಗಳು ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ಒಂದು ಪ್ರತ್ಯೇಕ ಪ್ರಕಾರವಾಗಿ ಪರಿಣಮಿಸಿದುವು. ಕಾಳನ್ನು ತೂರಿ ರಾಶಿಮಾಡಿದ ಮೇಲೆ ಅದರ ಬಳಿಗೆ ಕಾಲ್ಮರೆ ಮೆಟ್ಟಿ ಬರುವಂತಿರಲಿಲ್ಲ. ಕೊಳಗದಿಂದ ಅಳೆಯುವಾಗ ಮೊದಲನೆಯ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಸಬೇಕಾಗಿದ್ದಿತು. ಹೀಗೆ ಅಳೆದ ರಾಶಿಯು ಮನೆಯ ಹಗೇವನ್ನು ಸೇರುವುದಕ್ಕಿಂತ ಮುಂಚೆ ಅದರಿಂದ ಆಯವನ್ನು ತೆಗೆದಿಡುವುದು ಊರಿನ ಧರ್ಮವಾಗಿದ್ದಿತು.

ಆಯದ ವ್ಯವಸ್ಥೆಯನ್ನು ಬಲ್ಲವರಿಗೆ ಈ ಸೀಮೆಯ ಅಡ್ಡಹೆಸರುಗಳ ರಹಸ್ಯವು ತಾನಾಗಿ ತೆರೆದುಕೊಳ್ಳುತ್ತದೆ. ಕುಂಟೆ ಕೂರಿಗೆಗಳನ್ನು ಮಾಡಿಕೊಟ್ಟ ಬಡಿಗನಿಗೆ, ಕುಡಗೋಲನ್ನು ಹದಮಾಡಿದ ಕಮ್ಮಾರನಿಗೆ, ಗಡಿಗೆ ಮಡಕೆಗಳನ್ನಿತ್ತ ಕುಂಬಾರನಿಗೆ, ಕ್ಷೌರಿಕನಿಗೆ, ಅಗಸನಿಗೆ, ಮಿಣಿ ಬಾರುಕೋಲುಗಳನ್ನು ಮಾಡಿದ ಚರ್ಮಕಾರನಿಗೆ, ಊರ ಕಾವಲುಗಾರನಾದ ತಳವಾರನಿಗೆ, ದೇವರ ಪೂಜಾರಿಗೆ ವರ್ಷವಿಡೀ ಹಣವನ್ನೇ ಕೊಡದೆ, ಸುಗ್ಗಿಯಲ್ಲಿ ಕಣದಲ್ಲಿಯೇ ಇಷ್ಟು ಸೂಡು ತೆನೆ ಅಥವಾ ಇಷ್ಟು ಕಾಳು ಎಂದು ಕೊಡುತ್ತಿದ್ದರು. ಹನ್ನೆರಡು ಮಂದಿ ಆಯಗಾರರೆಂದು ವಾಡಿಕೆಯ ಲೆಕ್ಕವಾದರೂ ಊರಿಂದೂರಿಗೆ ಆ ಪಟ್ಟಿಯು ಹೆಚ್ಚುಕಡಿಮೆಯಾಗುತ್ತಿತ್ತು. ಕಣಕ್ಕೆ ಬಂದು ನಿಂತವನನ್ನು ಅವನ ಸ್ವಂತ ಹೆಸರಿನಿಂದ ಕರೆಯುವುದಕ್ಕಿಂತ ಅವನ ಆಯದ ಹೆಸರಿನಿಂದ ಕರೆಯುವುದೇ ಸಹಜವಾಗಿದ್ದುದರಿಂದ ಬಡಿಗೇರ, ಕಮ್ಮಾರ, ಪತ್ತಾರ, ಕುಂಬಾರ, ಹಡಪದ, ಮಡಿವಾಳರ, ತಳವಾರ, ವಾಲೀಕಾರ, ಪೂಜಾರ ಎಂಬವು ಮನೆತನಗಳ ಹೆಸರುಗಳಾದುವು. ಊರಾಳಿಕೆಯ ಕಡೆಯಿಂದ ಗೌಡರ, ಪಾಟೀಲ, ಕುಲಕರ್ಣಿ, ನಾಡಗೌಡ, ದೇಸಾಯಿ, ದೇಶಪಾಂಡೆ, ನಾಡಿಗೇರ ಎಂಬವು ಬಂದುವು. ಶಾಸನಗಳ ಗಾವುಂಡನೇ ಇಂದಿನ ಗೌಡನೆಂದು, ಸೇನಬೋವನೇ ಶಾನಭೋಗನೆಂದು ಹೇಳಿದರೆ ಈ ಪರಂಪರೆಯ ಉದ್ದವು ಮನಸ್ಸಿಗೆ ಬಂದೀತು. ಹಿರೇಮಠ, ಸಾಲಿಮಠ ಎಂದು ಜಂಗಮ ಮನೆತನಗಳು ತಮ್ಮ ಮಠಗಳಿಂದ ಹೆಸರಾದುವು. ಹತ್ತಿಯನ್ನು ಹಿಂಜುತ್ತಿದ್ದ ಮುಸಲ್ಮಾನ ಮನೆಗಳು ನದಾಫ, ಪಿಂಜಾರ ಎಂದಾದುವು. ಎತ್ತು ಕುದುರೆಗಳಿಗೆ ಲಾಳ ಕಟ್ಟುವವರು ನಾಲಬಂದರಾದರು. ಮಸೀದಿ ದರ್ಗಾಗಳ ಸೇವೆಯವರು ಮುಲ್ಲಾ, ಮುಜಾವರ ಎನಿಸಿದರು.

ಸೇವೆಯಿಂದ ಬಂದ ಹೆಸರುಗಳಿಗಿಂತಲೂ ವಿನೋದಕರವಾದವು ಬೆಳೆ ಮತ್ತು ಸರಕುಗಳಿಂದ ಬಂದವು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬದ್ನಿಕಾಯಿ, ಬೆಲ್ಲದ, ಸಕ್ಕರಿ, ಅಕ್ಕಿ, ಹತ್ತಿ, ಜೋಳದ ಎಂಬಿವು ಇತರ ಸೀಮೆಯವರಿಗೆ ನಗೆಯನ್ನು ತರುವ ಅಡ್ಡಹೆಸರುಗಳು. ಆದರೆ ಯಾವ ಪೂರ್ವಜನು ಯಾವುದನ್ನು ಬೆಳೆದನೋ, ಯಾವುದನ್ನು ಸಂತೆಯಲ್ಲಿ ಮಾರಿದನೋ ಅದರ ನೆನಪು ಆ ಮನೆಯ ಬಾಗಿಲಿಗೆ ಅಂಟಿಕೊಂಡಿತೆಂಬುದಷ್ಟೇ ಅವುಗಳ ತಾತ್ಪರ್ಯ. ಕಣದ ನಡುಗಂಬದ ಹೆಸರಾದ ಮೇಟಿಯೇ ಒಂದು ಅಡ್ಡಹೆಸರಾಗಿ ಉತ್ತರ ಕರ್ನಾಟಕದಲ್ಲಿ ಹಬ್ಬಿದೆ. ಇನ್ನು ಊರ ಹೆಸರುಗಳಂತೂ ಅಸಂಖ್ಯ. ನವಲಗುಂದವನ್ನು ಬಿಟ್ಟು ಹುಬ್ಬಳ್ಳಿಗೆ ಬಂದವನು ನವಲಗುಂದ; ಮುಳಗುಂದದಿಂದ ಅಣ್ಣಿಗೇರಿಗೆ ಬಂದವನು ಮುಳಗುಂದ. ಯಾವ ಊರಿನಲ್ಲಿ ಇರುವನೋ ಆ ಊರಿನ ಹೆಸರು ಅವನಿಗೆ ಬಾರದು, ಯಾವುದನ್ನು ಬಿಟ್ಟುಬಂದನೋ ಅದೇ ಬರುವುದು. ಆದುದರಿಂದ ಒಂದು ಹಳ್ಳಿಯ ಅಡ್ಡಹೆಸರುಗಳ ಪಟ್ಟಿಯನ್ನು ಬರೆದರೆ ಬರ, ಪ್ಲೇಗು, ಮದುವೆ, ವ್ಯಾಪಾರಗಳ ದೆಸೆಯಿಂದ ಅಲ್ಲಿಗೆ ಯಾರು ಎಲ್ಲಿಂದ ಬಂದರೆಂಬುದರ ನಕ್ಷೆಯೇ ಸಿದ್ಧವಾದಂತೆ. ಈ ಊರ ಹೆಸರುಗಳೂ ಹೊಸಮನಿ, ದೊಡ್ಡಮನಿ ಮೊದಲಾದ ಮನೆಯ ಹೆಸರುಗಳೂ ಜಾತಿ ಮತಗಳ ಎಲ್ಲೆಯನ್ನು ಮನ್ನಿಸುವುದಿಲ್ಲ. ಒಂದೇ ಅಡ್ಡಹೆಸರಿನ ಲಿಂಗಾಯತನೂ ಕುರುಬನೂ ಮುಸಲ್ಮಾನನೂ ಒಂದೇ ಓಣಿಯಲ್ಲಿರುವುದುಂಟು. ಇಂಥ ಸಾಮಗ್ರಿಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಬೇಕೆಂಬ ಎಚ್ಚರವನ್ನು ನಮ್ಮಲ್ಲಿ ಮೂಡಿಸಿದವರಲ್ಲಿ ‘ಕನ್ನಡ ನಾಮವಿಜ್ಞಾನ’ವನ್ನು ರಚಿಸಿದ ಎಂ. ಎಂ. ಕಲಬುರ್ಗಿಯವರ ಹೆಸರು ಮುಖ್ಯವಾದುದು. ಅವರ ಅಡ್ಡಹೆಸರೂ ಒಂದು ಊರಿನದೇ.

ಬಾಯಿಮಾತಿನಲ್ಲಿ ಬದಲಾಗುತ್ತ ಬಂದ ಈ ಹೆಸರುಗಳು ಸ್ಥಿರವಾದುದು ಸರಕಾರಿ ದಫ್ತರದಲ್ಲಿ. 1818ರಲ್ಲಿ ಪೇಶವೆಯರ ಆಳ್ವಿಕೆಯು ಕೊನೆಗೊಂಡು ಧಾರವಾಡದ ಸೀಮೆಯು ಇಂಗ್ಲಿಷರ ಕೈಗೆ ಬಂದು, ಮುಂಬಯಿ ಇಲಾಖೆಗೆ ಸೇರಿತು. 1840ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿ ವಿಂಗೇಟನ ಮೇಲ್ವಿಚಾರಣೆಯಲ್ಲಿ ಇಲ್ಲಿ ಭೂಮಾಪನೆಯು ನಡೆದಾಗ ಪ್ರತಿಯೊಂದು ಹೊಲಕ್ಕೆ ಒಂದು ಸರ್ವೆ ನಂಬರು ಬಂದಿತು. ನಂಬರಿಗೊಬ್ಬ ಖಾತೆದಾರನು ಬೇಕಾದನು. ಒಂದೇ ಊರಿನಲ್ಲಿ ಹತ್ತಾರು ಬಸಪ್ಪ, ಕಲ್ಲಪ್ಪ, ಹುಸೇನಸಾಬರಿರುವಾಗ ಖಾತೆದಾರನನ್ನು ಗುರುತಿಸಲು ತಂದೆಯ ಹೆಸರೂ ಅಡ್ಡಹೆಸರೂ ಅನಿವಾರ್ಯವಾದುವು. ಜಗತ್ತಿನ ಬೇರೆಡೆಗಳಲ್ಲಿಯೂ ಹೀಗೆಯೇ ಆಗಿದೆ. ನೆಪೋಲಿಯನ್ನನು 1811ರಲ್ಲಿ ಹಾಲೆಂಡಿನ ಜನರಿಗೆ ಮನೆತನದ ಹೆಸರನ್ನು ದಾಖಲೆ ಮಾಡಿಸಬೇಕೆಂದು ಆಜ್ಞಾಪಿಸಿದನು. ತುರ್ಕಿಯು 1934ರಲ್ಲಿ ಕಾನೂನನ್ನೇ ಮಾಡಿ ಪ್ರತಿಯೊಬ್ಬನೂ ಅಡ್ಡಹೆಸರನ್ನಿಟ್ಟುಕೊಳ್ಳಬೇಕೆಂದಿತು. ಐಸ್‌ಲ್ಯಾಂಡಿನವರು ಮಾತ್ರ ಇಂದಿಗೂ ತಂದೆಯ ಅಥವಾ ತಾಯಿಯ ಹೆಸರಿನಿಂದಲೇ ಸಾಗಿಸುತ್ತಿರುವರು. ನಮ್ಮ ನಾಡಿನೊಳಗೇ ಹಳೆಯ ಮೈಸೂರು ಸಂಸ್ಥಾನದಲ್ಲಿ ಊರು ಮತ್ತು ತಂದೆಯ ಹೆಸರುಗಳನ್ನು ಮೊದಲಕ್ಷರಗಳಾಗಿ ಸಂಕ್ಷೇಪಿಸಿ ಸ್ವಂತ ಹೆಸರನ್ನು ಕೊನೆಗಿಡುವ ರೂಢಿಯು ಬೆಳೆಯಿತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕೆ. ವಿ. ಪುಟ್ಟಪ್ಪನವರಾದರು. ಮುಂಬಯಿ ಕರ್ನಾಟಕದಲ್ಲಿ ಸ್ವಂತ ಹೆಸರು ಮೊದಲು, ತಂದೆಯದು ನಡುವೆ, ಮನೆತನದ್ದು ಕೊನೆಗೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ. 1956ರ ನವೆಂಬರ್ 1ರಂದು ಈ ಎರಡು ಕ್ರಮಗಳೂ ಒಂದೇ ರಾಜ್ಯದ ಒಂದೇ ಕಚೇರಿಗೆ ಬಂದು ಸೇರಿದುವು. ಇಂದಿಗೂ ಅವು ಒಂದಾಗಿಲ್ಲ.

ಭಾಷೆಗಳ ಸಮ್ಮರ್ದವೂ ಹೆಸರುಗಳ ಮೇಲೆ ತನ್ನ ಅಚ್ಚನ್ನೊತ್ತಿತು. ಮರಾಠರ ಆಳ್ವಿಕೆಯಲ್ಲಿ ಕಾಗದಪತ್ರಗಳು ಮೋಡಿ ಲಿಪಿಯಲ್ಲಿದ್ದುವು. ಶಾಲೆಗಳಲ್ಲಿ ಕನ್ನಡವು ತನ್ನ ಸ್ಥಾನವನ್ನು ಮರಳಿ ಪಡೆಯುವಂತೆ ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿಯಬೇಕಾಯಿತು. ಕನ್ನಡದ ಅದೇ ಕಳಕಳಿಯಿಂದ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಕುಂದಗೋಳವಾದರೋ ಇಂಗ್ಲಿಷರ ನೇರ ಆಡಳಿತಕ್ಕೆ ಸೇರದೆ, ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನದ ತಾಲೂಕಾಗಿ 1948ರವರೆಗೂ ಇದ್ದಿತು. ಆ ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ಗಣೇಶ ಸಂಶಿಯವರ ಅಡ್ಡಹೆಸರು ಅದೇ ತಾಲೂಕಿನ ಸಂಶಿಯೆಂಬ ಊರಿನದು. ಅವರು ಮರಾಠಿ ರಂಗಭೂಮಿಗೆ ಹೋದಾಗ ರಾಮಭಾವು ಕುಂದಗೋಳಕರರಾದರು, ಕೀರ್ತಿಯು ಬಂದಾಗ ಸವಾಯಿ ಗಂಧರ್ವರೆನಿಸಿದರು. ಅಚ್ಚ ಕನ್ನಡದ ಹಳ್ಳಿಯ ಹೆಸರು, ಮರಾಠಿಯ ಪ್ರತ್ಯಯವನ್ನು ಹೊತ್ತ ತಾಲೂಕಿನ ಹೆಸರು, ರಸಿಕರು ಕೊಟ್ಟ ಬಿರುದು. ಹೀಗೆ ಒಬ್ಬನೇ ಗಾಯಕನಲ್ಲಿ ಮೂರು ನಾಮಪದ್ಧತಿಗಳು ಕೂಡಿದುವು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಅವರಲ್ಲಿ ಕಲಿತ ಗಂಗೂಬಾಯಿಯವರು ಹಾನಗಲ್ಲೆಂಬ ಪೂರ್ವಜರ ಊರನ್ನು ತಮ್ಮ ಹೆಸರಿನೊಡನೆ ದೇಶದ ಮೂಲೆಮೂಲೆಗೂ ಒಯ್ದರು.

ಅಡ್ಡಹೆಸರು ಕಣದಿಂದ ಬಂದರೆ ಸ್ವಂತ ಹೆಸರು ಬರುವುದು ತೊಟ್ಟಿಲಿನಿಂದ. ಆ ತೊಟ್ಟಿಲಿಗೂ ಈ ಸೀಮೆಯಲ್ಲಿ ಒಂದು ತವರೂರಿದೆ. ಕಲಘಟಗಿಯ ಕುಶಲಿಗಳು ಸಾಗವಾನಿ ಮರದಲ್ಲಿ ಕಡೆದು, ಅರಗಿನ ಬಣ್ಣಗಳಿಂದ ಕೃಷ್ಣನ ಬಾಲಲೀಲೆಗಳನ್ನೂ ರಾಮಾಯಣದ ಪ್ರಸಂಗಗಳನ್ನೂ ಚಿತ್ರಿಸುವ ತೊಟ್ಟಿಲುಗಳು ಸುಪ್ರಸಿದ್ಧವಾದವು. ಮುಸಲ್ಮಾನರ ಮನೆಗಾದರೆ ಮನುಷ್ಯಾಕೃತಿಗಳನ್ನು ಬಿಟ್ಟು ಹೂಬಳ್ಳಿಗಳನ್ನು ಬರೆದುಕೊಡುವರು. ಒಂದು ತೊಟ್ಟಿಲು ತಲೆಮಾರುಗಟ್ಟಲೆ ಬಾಳುವುದರಿಂದ ಬಂಧುಗಳ ಮನೆಯಿಂದ ಮನೆಗೆ ಅದನ್ನು ಒಯ್ಯುವ ವಾಡಿಕೆಯೂ ಉಂಟು. ಹೆರಿಗೆಯಾದ ಐದಾರನೆಯ ರಾತ್ರಿ ಶೆಟವಿತಾಯಿಯು ಕೂಸಿನ ಹಣೆಯಲ್ಲಿ ಅದೃಷ್ಟವನ್ನು ಬರೆದುಹೋಗುವಳೆಂದು ನಂಬಿಕೆ. ಆಮೇಲೆ ಒಂದು ಒಳ್ಳೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ಸೋದರತ್ತೆಯು ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರನ್ನು ಊದುವಾಗ ನೆರೆದ ಮುತ್ತೈದೆಯರು ಅವಳ ಬೆನ್ನಿಗೆ ಗುದ್ದಿ ನಗುವರು. ಮುಗಿದ ಮೇಲೆ ಬಂದವರಿಗೆಲ್ಲ ಬೇಯಿಸಿದ ಕಾಳಿನ ಗುಗ್ಗರಿಯನ್ನು ಹಂಚುವರು. ಶೀಗಿ ಹುಣ್ಣಿಮೆಯಲ್ಲಿ ಬಸುರಿಯಾದ ಭೂಮಿಗೆ ಉಣಿಸಿದ ಜನರು, ಬಸುರಿಯಾಗಿ ಹೆತ್ತ ಸೊಸೆಯ ಸಂಭ್ರಮವನ್ನು ಆ ಭೂಮಿಯ ಕಾಳಿನಿಂದಲೇ ಸಾರುವುದು ಉಚಿತವೇ ಆಗಿದೆ.

ಇಟ್ಟ ಹೆಸರುಗಳಲ್ಲಿಯೂ ಋಣದ ಭಾವನೆಯೇ ಪ್ರಬಲವಾದುದು. ಗತಿಸಿದ ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು. ಮಾವನ ಹೆಸರನ್ನು ಬಾಯಲ್ಲಿ ಹೇಳಬಾರದ ಸೊಸೆಯು ತನ್ನ ಮಗನನ್ನೇ ಅಜ್ಜಪ್ಪ, ಮುತ್ತಪ್ಪ ಎಂದು ಕರೆಯುವಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣಿಗೆ ಬೀಳದಿರಲೆಂದು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದೋ, ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ, ಹುಚ್ಚಪ್ಪ ಎಂದೋ ಕರೆಯುವರು. ಹರಕೆಯಿಂದ ಹುಟ್ಟಿದವರು ಆ ದೇವರ ಹೆಸರಿನವರು: ಸವದತ್ತಿಯ ಎಲ್ಲಮ್ಮನಿಂದ ಎಲ್ಲಪ್ಪ, ಗ್ರಾಮದೇವತೆಯಿಂದ ದ್ಯಾಮವ್ವ, ನವಲಗುಂದದ ನಾಗಲಿಂಗಸ್ವಾಮಿಗಳಿಂದ ನಾಗಲಿಂಗ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ಸಂತನ ದರ್ಗಾ ಇದೆ. ಬೆಣ್ಣಿಹಳ್ಳದಲ್ಲಿ ಮಿಂದು ಅಲ್ಲಿಗೆ ಹೋಗುವವರ ಮನೆಗಳಲ್ಲಿ ಯಮನೂರಪ್ಪ, ಯಮನೂರಸಾಬ, ಯಮನವ್ವ ಎಂಬ ಹೆಸರುಗಳು ನೂರಾರು ಮೈಲಿಗಳ ಆಚೆಗೂ ಕಂಡುಬರುತ್ತವೆ. ಶಿರಹಟ್ಟಿಯ ಫಕ್ಕೀರಸ್ವಾಮಿಯ ಹರಕೆಯಿಂದ ಫಕ್ಕೀರಪ್ಪ, ಫಕ್ಕೀರವ್ವ. ಮೊಹರಮ್ಮಿನ ಹರಕೆಯಿಂದ ಹುಸೇನಪ್ಪ. ಹುಲಗೂರ ಖಾದರಶಾವಲಿಯ ಆಶೀರ್ವಾದದಿಂದ ಹುಟ್ಟಿದರೆಂದು ಹೇಳಲಾಗುವ ಶರೀಫಸಾಹೇಬರು ಕಳಸದ ಗೋವಿಂದಭಟ್ಟರಿಗೆ ಶಿಷ್ಯರಾದ ಈ ಸೀಮೆಯಲ್ಲಿ ಇಂಥ ಹೆಸರುಗಳು ಯಾರಿಗೂ ವಿಚಿತ್ರವೆನಿಸಲಿಲ್ಲ. ಮತವೊಂದರ ಸಂತನ ಹೆಸರನ್ನು ಇನ್ನೊಂದು ಮತದ ಕೂಸಿಗಿಟ್ಟವರು ಸಮನ್ವಯದ ಸಿದ್ಧಾಂತವನ್ನು ಪ್ರತಿಪಾದಿಸಹೊರಟವರಲ್ಲ. ಕೇಳಿದಾಗ ಕೊಟ್ಟವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದವರು.

ಕಲಘಟಗಿಯ ಅಡವಿಯ ಅಂಚಿನಲ್ಲಿ ಕನ್ನಡದೊಡನೆ ಬೇರೆ ನುಡಿಗಳೂ ಬಾಳುತ್ತಿವೆ. ಅಲ್ಲಿ ಮರಾಠಿಯನ್ನಾಡುವ ಗೌಳಿಗರೂ, ಮೂರು ಮತಗಳಲ್ಲಿ ಹಂಚಿಹೋದ ಸಿದ್ದಿಗಳೂ, ತಮ್ಮದೇ ಆದ ನುಡಿಯುಳ್ಳ ಲಂಬಾಣಿಗರೂ ಇರುವರು. ಲಂಬಾಣಿ ತಾಂಡಾಗಳಲ್ಲಿ ಹಿಂದಿನ ಹೋಳಿಯಿಂದ ಈ ಹೋಳಿಯವರೆಗೆ ಹುಟ್ಟಿದ ಗಂಡುಕೂಸನ್ನು ಧೂಂಡ್ ಎಂಬ ವಿಧಿಯಿಂದ ತಾಂಡಾದವರೆಲ್ಲ ಕೂಡಿ ಬರಮಾಡಿಕೊಳ್ಳುವರು. ಹಿಂಗಾರಿಯ ಸುಗ್ಗಿಯ ಹಬ್ಬವೂ ಹೊಸ ಜೀವದ ಸ್ವಾಗತವೂ ಇಲ್ಲಿ ಒಂದೇ ದಿನ ಕೂಡಿದುವು. ಹುಟ್ಟಿದ ವಾರದಿಂದ ಸೋಮ್ಲಾ, ಥಾವರ್ಯಾ ಎಂಬಂಥ ಹೆಸರುಗಳನ್ನಿಡುವ ಪದ್ಧತಿಯೂ ಅವರಲ್ಲುಂಟು; ಥಾವರವೆಂದರೆ ಅವರ ನುಡಿಯಲ್ಲಿ ಶನಿವಾರ. ಆಫ್ರಿಕದ ಘಾನಾ ದೇಶದ ಅಕಾನ್ ಜನರು ಶುಕ್ರವಾರ ಹುಟ್ಟಿದವನನ್ನು ಕೋಫಿಯೆಂದೂ ಶನಿವಾರ ಹುಟ್ಟಿದವನನ್ನು ಕ್ವಾಮೆಯೆಂದೂ ಕರೆಯುವುದನ್ನು ಕೇಳಿದ ತಾಂಡಾದ ಹಿರಿಯನು ಆಶ್ಚರ್ಯಪಡಲಾರನು. ಆದರೆ ಶಾಲೆಯ ದಾಖಲೆಗೆ ಅಡ್ಡಹೆಸರು ಬೇಕೆಂದಾಗ, ತಮ್ಮೊಳಗೆ ನಾನಾ ಗೋತ್ರಗಳಿರುವ ಈ ಜನಕ್ಕೆಲ್ಲ ಲಮಾಣಿಯೆಂಬ ಒಂದೇ ಹೆಸರು ಬಂದಿತು. ಒಳಗಿನವರು ಬಲ್ಲ ಭೇದಗಳು ಹೊರಗಿನವನ ಲೇಖನಿಗೆ ಬೇಕಾಗಿರಲಿಲ್ಲ.

ಹೆಣ್ಣಿನ ಹೆಸರಿನ ಚರಿತ್ರೆಯು ಇನ್ನೂ ಅಲ್ಪವಾಗಿ ದಾಖಲೆಗೆ ಬಂದುದು. ಮದುವೆಯೊಡನೆ ಅವಳ ಅಡ್ಡಹೆಸರು ಬದಲಾಗುತ್ತಿತ್ತು. ಕೆಲವು ಮನೆತನಗಳಲ್ಲಿ ಸ್ವಂತ ಹೆಸರೂ ಬದಲಾಗುತ್ತಿತ್ತು. ಗಂಡನ ಹೆಸರನ್ನು ಅವಳು ನೇರವಾಗಿ ಹೇಳುವಂತಿರಲಿಲ್ಲ. ಕುಬಸದ ದಿನ, ತೊಟ್ಟಿಲ ದಿನ, ಹಬ್ಬದ ಆರತಿಯ ದಿನ ಗೆಳತಿಯರು ಬಾಗಿಲಿಗೆ ಅಡ್ಡನಿಂತು ಪೀಡಿಸಿದಾಗ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಪೋಣಿಸಿ ಹೇಳಬೇಕಾಗುತ್ತಿತ್ತು. ಅಂಕೆಯೊಂದು ಹೀಗೆ ಆಶುಕವಿತ್ವದ ಶಾಲೆಯಾದುದು ಹೆಂಗಸರ ಜಾಣ್ಮೆಯಿಂದಲೇ ಹೊರತು ಅಂಕೆಯ ಹಿರಿಮೆಯಿಂದಲ್ಲ. ಜಿನವಲ್ಲಭನು ತಾಯಿಯ ತವರೆಂದು ದೂರದ ಬಂಡೆಗಲ್ಲಿನಲ್ಲಿ ಹೆಸರನ್ನು ಕೆತ್ತಿಸಿದ ಬೆಳವಲದಲ್ಲಿಯೇ ಹೊಲದ ಉತಾರದಿಂದ ತಾಯಂದಿರ ಹೆಸರುಗಳು ಬಹುಕಾಲ ದೂರವುಳಿದುವು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಣವನ್ನೂ ಹೆಸರನ್ನೂ ಬೆಸೆದಿದ್ದ ಈ ಲೆಕ್ಕವು ಎರಡೂ ಕಡೆಯಿಂದ ಸಡಿಲಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು ಗೌಡಿಕೆ, ಕುಲಕರ್ಣಿಕೆ, ತಳವಾರಿಕೆಗಳ ವತನಗಳನ್ನು ಕೊನೆಗಾಣಿಸಿತು. 1970ರ ದಶಕದಲ್ಲಿ ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನವಲಗುಂದದ ಯರೆಯ ಹೊಲಗಳಿಗೆ ಬಂದು, ಉತ್ತರಿ ಹಸ್ತಗಳನ್ನೇ ಕಾಯುತ್ತಿದ್ದ ಬೇಸಾಯದ ಕ್ರಮವನ್ನು ಬದಲಿಸಿದುವು. ನೀರಿಗಿಂತ ಮುಂಚೆ ಅಭಿವೃದ್ಧಿ ಕರದ ಬೇಡಿಕೆ ಬಂದಾಗ ನವಲಗುಂದ ನರಗುಂದಗಳ ರೈತರು ಎದ್ದುನಿಂತರು, 1980ರ ಜುಲೈ 21ರಂದು ಗೋಲಿಬಾರು ನಡೆದು ರೈತರು ಪ್ರಾಣವನ್ನಿತ್ತರು. ಆ ದಿನವು ಈಗ ರೈತ ಹುತಾತ್ಮರ ದಿನವೆಂದು ಸೀಮೆಯ ಪಂಚಾಂಗಕ್ಕೆ ಸೇರಿದ ಒಂದು ಹೊಸ ತಿಥಿ. ರಾಶಿಯ ಯಂತ್ರವು ಹೊಲದಲ್ಲಿಯೇ ಕಾಳನ್ನು ಚೀಲಕ್ಕೆ ತುಂಬುವುದರಿಂದ ಮೇಟಿಯೂ ಹಂತಿಯೂ ಇಲ್ಲವಾದುವು. ಕಮ್ಮಾರನ ಮಗನು ಹುಬ್ಬಳ್ಳಿಯ ಕಾರಖಾನೆಯಲ್ಲಿ ತಿಂಗಳ ಸಂಬಳವನ್ನು ಎಣಿಸುವನು. ಕಣಕ್ಕೆ ಬಂದು ಸೂಡಿಗಾಗಿ ನಿಲ್ಲಬೇಕಾದ ಅಗತ್ಯವು ಅವನಿಗಿಲ್ಲ.

ಇದಕ್ಕಾಗಿ ಕೇವಲ ಮರುಗುವುದು ಸತ್ಯಕ್ಕೆ ಅಪಚಾರವಾದೀತು. ಆಯದ ಪಾಲು ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ಕಣದ ಒಳಗೆ ಬಂದು ಪಡೆಯುವವರೂ ಹೊರಗೆ ನಿಂತು ಪಡೆಯುವವರೂ ಬೇರೆಬೇರೆ ಇದ್ದರು. ಒಂದು ಸುಗ್ಗಿಯ ಕೊಡುಕೊಳ್ಳುವಿಕೆಯನ್ನು ಮುಂದಿನ ಸುಗ್ಗಿಯು ಬದಲಿಸಬಹುದಾಗಿದ್ದಿತು. ದಫ್ತರಕ್ಕೇರಿದ ಹೆಸರನ್ನು ಯಾವ ಸುಗ್ಗಿಯೂ ಬದಲಿಸಲಾರದಾಯಿತು. ಹೀಗೆ ಸರಕಾರದ ಪುಸ್ತಕವು ಹೆಸರನ್ನು ಉಳಿಸಿಕೊಂಡು ಅದರ ಹಿಂದಿನ ಕಾಳನ್ನು ಬಿಟ್ಟಿತು. ಪರಿಣಾಮವಾಗಿ ಗೌಡನಿಗೆ ಅಧಿಕಾರವಿಲ್ಲದ ಹಿರಿಮೆಯೂ, ಊರಿನ ಅತ್ಯಂತ ಕಷ್ಟದ ಸೇವೆಯನ್ನು ಮಾಡಿದವನ ಮೊಮ್ಮಗನಿಗೆ ಪ್ರತಿಫಲವಿಲ್ಲದ ಕೀಳರಿಮೆಯೂ ಅಡ್ಡಹೆಸರಿನ ರೂಪದಲ್ಲಿ ಪಿತ್ರಾರ್ಜಿತವಾಗಿ ಬಂದುವು. ಅಂಥವನು ಇಂದು ತನ್ನ ಅಡ್ಡಹೆಸರನ್ನು ಬಿಟ್ಟು ಊರ ಹೆಸರನ್ನೋ ತಂದೆಯ ಹೆಸರನ್ನೋ ಇಟ್ಟುಕೊಂಡರೆ ಅವನನ್ನು ಪರಂಪರೆಯ ದ್ರೋಹಿಯೆನ್ನಲು ಯಾರಿಗೂ ಅಧಿಕಾರವಿಲ್ಲ. ಚರಗವನ್ನು ಚೆಲ್ಲುವವನು ಭೂಮಿಯ ಋಣವನ್ನು ಪ್ರತಿ ವರ್ಷವೂ ನೆನೆಯುತ್ತಾನೆ. ಮನುಷ್ಯರ ಋಣವನ್ನು ನೆನೆಯಲು ನಮಗೆ ಉಳಿದಿರುವುದು ಈ ಹೆಸರುಗಳ ಪಟ್ಟಿ ಮಾತ್ರ. ಅದನ್ನು ಹೆಮ್ಮೆಯ ಆಭರಣವೆಂದು ಧರಿಸದೆ, ಸಂದುದನ್ನೂ ಸಲ್ಲದೆ ಉಳಿದುದನ್ನೂ ಒಟ್ಟಿಗೆ ತೋರಿಸುವ ಲೆಕ್ಕದ ಪುಸ್ತಕವೆಂದು ಓದಿದರೆ, ಬೆಳವಲದ ಚರಿತ್ರೆಯಲ್ಲಿ ಶಾಸನಗಳು ಹೇಳದೆ ಬಿಟ್ಟ ಬಹುಸಂಖ್ಯಾತರ ಪಾಲು ಎಷ್ಟೆಂಬುದು ಗೊತ್ತಾದೀತು.